ರಂಗಯ್ಯನ ಬಾಗಿಲಿಗೆ ಎರಡನೇ ಸಲ: ದುರ್ಗದ ಮ್ಯೂಸಿಯಂ ದೊಡ್ಡವರು ನೋಡುವ ಬಗೆ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. "ಚಿತ್ರದುರ್ಗಕ್ಕೆ ಹೊರಟಿದ್ದೇವೆ, ಕೋಟೆ ಹೇಗೂ ಹತ್ತುತ್ತೇವೆ, ಮ್ಯೂಸಿಯಂ ಕೂಡ ನೋಡಬಹುದಾ? ಅಲ್ಲೇನಿದೆ?" ನೋಡಿಬಂದವರ ರಾಗ ಬೇರೆ: "ಹೋಗಿದ್ವಿ ಸಾರ್, ಹತ್ತು ನಿಮಿಷಕ್ಕೆ ಮುಗೀತು. ಕತ್ತಿ, ಕಲ್ಲು, ಕಾಸು. ಇನ್ನೇನೈತೆ?"

ಈ ಸೀಮೆಯಲ್ಲಿ ಬೆಳೆದವರಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಮುಂದಿನವನ ಅಂಗಿ ಹಿಡಿದುಕೊಂಡು, ಸಾಲಿನಲ್ಲಿ. "ಮುಟ್ಟಬ್ಯಾಡ್ರೋ" ಅನ್ನುತ್ತಿದ್ದ ಮೇಷ್ಟ್ರ ದನಿ ಬಿಟ್ಟರೆ ನನಗೂ ಬೇರೇನೂ ನೆನಪಿರಲಿಲ್ಲ. ತೊಂದರೆ ಏನೆಂದರೆ, ದೊಡ್ಡವರಾದ ಮೇಲೆ ಹೋದಾಗಲೂ ಕಾಲು ಅದೇ ಸಾಲಿನ ವೇಗದಲ್ಲೇ ನಡೆಯುತ್ತದೆ. ಆಗ "ಇದೇನು?" ಅಂತ ಕೇಳುತ್ತಿದ್ದೆವು, ಕತ್ತಿ ಅಂದರೆ ಕತ್ತಿ, ಮುಂದೆ ನಡಿ. ಈಗ "ಇದು ಎಲ್ಲಿಂದ ಬಂತು?" ಅಂತ ಕೇಳಿ ನೋಡಿ. ಉತ್ತರದಲ್ಲಿ ನಿಮ್ಮ ಅಜ್ಜಿಯ ಊರೇ ಇರಬಹುದು. ಆ ಪ್ರಶ್ನೆ ಹಿಡಿದು ಎರಡು ತಾಸು ಹೇಗೆ ಕಳೆಯುವುದು ಅಂತ ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಸಣ್ಣ ನೋಟ್‌ಬುಕ್, ಪೆನ್ಸಿಲ್, ಮೊಬೈಲ್, ನೀರು, ಸ್ವಲ್ಪ ಚಿಲ್ಲರೆ. ನಲವತ್ತು ದಾಟಿದ್ದರೆ ಚಾಳೀಸು ಮರೆಯಬೇಡಿ. ಗಾಜಿನ ಹಿಂದಿನ ಸಣ್ಣ ಅಕ್ಷರ ಓದಲಾಗದೆ "ಏನೂ ಇಲ್ಲ ಬಿಡಿ" ಅಂತ ಈಚೆ ಬಂದವರನ್ನು ನಾನೇ ಕಂಡಿದ್ದೇನೆ.

1. ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ

ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು, ಮ್ಯೂಸಿಯಂ ರಾಜ್ಯ ಸರ್ಕಾರದ ಇಲಾಖೆಯದು. ಹಾಗಾಗಿ ಒಂದರ ಸಮಯ, ಟಿಕೆಟ್, ರಜೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಕೋಟೆ ತೆರೆದಿದೆ ಅಂತ ಮ್ಯೂಸಿಯಂ ತೆರೆದಿರಬೇಕೆಂದಿಲ್ಲ. ಸರ್ಕಾರಿ ಮ್ಯೂಸಿಯಂಗಳಿಗೆ ಸೋಮವಾರ ಬಿಡುವು ಕೊಡುವುದು ರೂಢಿ, ಹಬ್ಬದ ರಜೆಗಳೂ ಇರುತ್ತವೆ. ಹೊರಡುವ ಹಿಂದಿನ ದಿನ ಯಾರಿಂದಲಾದರೂ ಕೇಳಿಸಿಕೊಳ್ಳಿ.

ಎಲ್ಲರೂ ಮಾಡುವ ತಪ್ಪು: ಬೆಳಗ್ಗೆ ಕೋಟೆ ಹತ್ತಿ, ತುಪ್ಪದ ಕೊಳದ ಬಂಡೆಯವರೆಗೂ ಹೋಗಿ, ಮಧ್ಯಾಹ್ನ ಊಟ ಮುಗಿಸಿ, ಕಣ್ಣು ಎಳೆಯುವಾಗ ಮ್ಯೂಸಿಯಂಗೆ ಬರುವುದು. ಆ ಹೊತ್ತಿನಲ್ಲಿ ಶಾಸನದ ಕಲ್ಲಿಗಿಂತ ಒರಗಿಕೊಳ್ಳುವ ಕಲ್ಲೇ ಚೆನ್ನಾಗಿ ಕಾಣುತ್ತದೆ. ನನ್ನ ಮಾತು ಕೇಳಿ: ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಮ್ಯೂಸಿಯಂ, ಇಳಿಬಿಸಿಲಿಗೆ ಚಂದ್ರವಳ್ಳಿ, ಅಂದರೆ ಊರ ಮಗ್ಗುಲಲ್ಲೇ ಹಳೆಯ ಕಾಲದ ವಸ್ತುಗಳು ಅಗೆದು ಸಿಕ್ಕ ಜಾಗ. ಕೋಟೆಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ದಾವಣಗೆರೆಯಿಂದ ಸುಮಾರು 60 ಕಿ.ಮೀ., ಬೆಣ್ಣೆದೋಸೆ ತಿಂದು ಬಸ್ಸು ಹತ್ತಿದರೂ ಬೆಳಗಿನ ಹೊತ್ತಿಗೇ ದುರ್ಗದಲ್ಲಿರುತ್ತೀರಿ.

2. ಒಳಗೆ ಹೋಗುವ ಮೊದಲು ಬಾಗಿಲು ನೋಡಿ

ಆಟೋದವರಿಗೆ "ರಂಗಯ್ಯನ ಬಾಗಿಲು" ಅನ್ನಿ, ಸಾಕು. ಹಳೆಯ ಊರುಕೋಟೆಗಿದ್ದ ಬಾಗಿಲುಗಳಲ್ಲಿ ಅದೂ ಒಂದು. ಮ್ಯೂಸಿಯಂ ಇರುವುದು ಅಲ್ಲೇ. ಅಂದರೆ ಮೊದಲ ವಸ್ತು ನೀವು ಟಿಕೆಟ್ ಕೇಳುವ ಮುಂಚೆಯೇ ಎದುರಿಗಿದೆ. ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ಕಲ್ಲುಗಳು, ಅವುಗಳ ಸಂದು, ಇವನ್ನು ಐದು ನಿಮಿಷ ನಿಂತು ನೋಡಿ. ಮುಂದೆ ಕೋಟೆ ಹತ್ತುವಾಗ ಬಂಡೆಗಳ ಮೇಲೆ ಸಾಲಾಗಿ ಚೌಕ ಗುಳಿಗಳು ಕಾಣುತ್ತವೆ. ಕಲ್ಲು ಸೀಳಲು ಬೆಣೆ ಬಡಿದ ಗುರುತು ಅವು. ಇಲ್ಲಿ ಗೋಡೆ, ಅಲ್ಲಿ ಆ ಗೋಡೆಯ ಕಲ್ಲು ಎದ್ದ ಜಾಗ.

3. ಮೊದಲ ಸುತ್ತು: ಮೂರು ವಸ್ತು ಆರಿಸಿ

ಹದಿನೈದು ನಿಮಿಷ. ಮೊಬೈಲ್ ಜೇಬಿನಲ್ಲಿರಲಿ. ಎಲ್ಲವನ್ನೂ ಸುಮ್ಮನೆ ನೋಡುತ್ತ ಬನ್ನಿ, ಕೊನೆಗೆ ಮೂರನ್ನು ಆರಿಸಿಕೊಳ್ಳಿ. ಏನಕ್ಕೆ ಬಳಸುತ್ತಿದ್ದರೋ ಗೊತ್ತೇ ಆಗದ್ದು ಒಂದು. ನಿಮ್ಮ ಮನೆಯಲ್ಲೋ ಅಜ್ಜನ ಮನೆಯಲ್ಲೋ ಅದರ ತಮ್ಮನೋ ತಂಗಿಯೋ ಇದ್ದದ್ದು ಒಂದು. ನಿಮಗೆ ಗೊತ್ತಿರುವ ಊರಿನ ಹೆಸರು ಹೊತ್ತದ್ದು ಒಂದು. ಎರಡನೇ ಸುತ್ತು ಈ ಮೂರಕ್ಕೆ ಮಾತ್ರ. ಎಲ್ಲವನ್ನೂ ನೋಡಬೇಕೆಂಬ ಹಟ ಬಿಡಿ, ಮ್ಯೂಸಿಯಂ ಎಲ್ಲಿಗೂ ಓಡಿಹೋಗುವುದಿಲ್ಲ. ಮಕ್ಕಳಿದ್ದರೆ ಅವರ ಮೂರು ಅವರೇ ಆರಿಸಲಿ, ನೀವು ಬಾಯಿ ಹಾಕಬೇಡಿ.

4. ಚೀಟಿ ಓದುವುದನ್ನು ಕಲಿಯಿರಿ

ವಸ್ತುವಿನ ಪಕ್ಕದ ಚೀಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿ ಇರುತ್ತವೆ: ಹೆಸರು, ಯಾವುದರಿಂದ ಮಾಡಿದ್ದು, ಕಾಲ, ದೊರೆತ ಸ್ಥಳ. ಎಲ್ಲರೂ ಮೊದಲನೆಯದನ್ನು ಓದಿ ಮುಂದೆ ಹೋಗುತ್ತಾರೆ. ನೀವು ಕೊನೆಯದರಿಂದ ಶುರುಮಾಡಿ.

ದೊರೆತ ಸ್ಥಳ ಅಂದರೆ ಸಿಕ್ಕ ಜಾಗ, ಮಾಡಿದ ಜಾಗವಲ್ಲ. ರೋಮ್ ದೇಶದ ಬೆಳ್ಳಿ ನಾಣ್ಯ ದುರ್ಗದಲ್ಲಿ ಸಿಕ್ಕಿದೆ ಅಂದಮಾತ್ರಕ್ಕೆ ರೋಮಿನವನು ಇಲ್ಲಿಗೆ ಬಂದಿದ್ದ ಅಂತಲ್ಲ. ನಾಣ್ಯ ಕೈಯಿಂದ ಕೈಗೆ ದಾಟಿ ಬರುತ್ತದೆ.

ಕಾಲದ ವಿಷಯದಲ್ಲಿ ಮೂರು ಎಡವು. 17ನೇ ಶತಮಾನ ಅಂದರೆ 1601ರಿಂದ 1700. "17" ಕಂಡ ತಕ್ಷಣ ಮನಸ್ಸು 1700ರ ಮೇಲಕ್ಕೆ ಹೋಗುತ್ತದೆ, ತಡೆಯಿರಿ. ಶಾಸನಗಳಲ್ಲಿ ಬರುವುದು ಶಕವರ್ಷ, ಅದಕ್ಕೆ 78 ಕೂಡಿಸಿದರೆ ಇಸವಿ. ಅದರ ಜೊತೆ ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಬಹುದು: ಶಕ 1146 ಅಂದರೆ 1224, ತಾರಣ ಸಂವತ್ಸರ. ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರದ ದೇವಾಲಯ ಕಟ್ಟಿಸಿದ್ದು ಆ ಕಾಲಕ್ಕೇ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಬರೀ ಹೆಸರಿನಿಂದ ಕಾಲ ಹೇಳಲಾಗದು, ಇದು ಮೂರನೆಯ ಎಡವು.

ದಾವಣಗೆರೆಯವರಿಗೆ ಒಂದು ಕಿವಿಮಾತು. ನಮ್ಮ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ ಬರೆದ ಚೀಟಿ, ಪುಸ್ತಕ, ವರದಿಗಳಲ್ಲಿ ಹರಿಹರ, ಜಗಳೂರು, ದಾವಣಗೆರೆ ಎಲ್ಲವೂ ಚಿತ್ರದುರ್ಗ ಜಿಲ್ಲೆಯೇ. ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದ ಲೆಕ್ಕದಲ್ಲಿ ಹುಡುಕಬೇಕು. ಇದು ಗೊತ್ತಿಲ್ಲದೆ "ನಮ್ಮ ಊರಿಂದು ಒಂದೂ ಇಲ್ಲ" ಅಂತ ಬೇಸರ ಮಾಡಿಕೊಳ್ಳಬೇಡಿ.

ಫೋಟೋ ತೆಗೆಯಲು ಬಿಡುತ್ತಾರೋ ಇಲ್ಲವೋ ಬಾಗಿಲಲ್ಲೇ ಕೇಳಿ. ಬಿಟ್ಟರೆ ಫ್ಲ್ಯಾಶ್ ಆರಿಸಿ, ಮೊದಲು ಚೀಟಿಯ ಫೋಟೋ, ಆಮೇಲೆ ವಸ್ತುವಿನದು. ನಾನೊಮ್ಮೆ ನೂರಕ್ಕೂ ಹೆಚ್ಚು ಫೋಟೋ ಹೊಡೆದುಕೊಂಡು ಮನೆಗೆ ಬಂದು ನೋಡಿದರೆ ಒಂದರದ್ದೂ ಹೆಸರಿಲ್ಲ, ಊರಿಲ್ಲ. ಎಲ್ಲ ದಂಡ.

5. ಕಲ್ಲುಗಳ ಮುಂದೆ

ಹೆಚ್ಚು ಹೊತ್ತು ಇಲ್ಲಿಗೇ ಇಟ್ಟುಕೊಳ್ಳಿ. ಓದಲು ಬಾರದಿದ್ದರೂ ಕಲ್ಲು ಅರ್ಥವಾಗುತ್ತದೆ.

ವೀರಗಲ್ಲು ಅಂದರೆ ಹೋರಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು, ನಾವು ಪುಸ್ತಕ ಓದುವಂತೆ ಮೇಲಿನಿಂದ ಶುರುಮಾಡಿದರೆ ಕಥೆ ತಿರುಗುಮುರುಗಾಗುತ್ತದೆ. ಕೆಳಗಿನ ಅಂಕಣದಲ್ಲಿ ಕಾಳಗ. ಅಲ್ಲಿ ದನಗಳು ಕಂಡರೆ ಅದು ತುರುಗೋಳಿನ ಜಗಳ, ಅಂದರೆ ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವರಿರುವವರೆಗೆ ಈ ನೆನಪು ಇರಲಿ ಅಂತ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿವೆಯೇ ನೋಡಿ. ಇದ್ದರೆ ಅದರಲ್ಲಿ ಅವನ ಹೆಸರಿರುವ ಸಂಭವ ಹೆಚ್ಚು.

ಕಂಬದಿಂದ ಹೊರಟು ಮೇಲಕ್ಕೆ ಎತ್ತಿದ ಒಂದು ತೋಳು, ಅದರ ತುಂಬ ಬಳೆ, ಕೆಲವು ಸಲ ಬೆರಳ ಸಂದಿನಲ್ಲಿ ನಿಂಬೆಹಣ್ಣು: ಅದು ಮಾಸ್ತಿಗಲ್ಲು. ಗಂಡನ ಚಿತೆಯೇರಿದ ಹೆಂಗಸಿನ ಕಲ್ಲು. ಬಳೆ ಒಡೆಯದೆ ಹೋದಳು ಎಂದು ಹೇಳುವ ಕೈ ಅದು. ನಮ್ಮ ಹಳ್ಳಿಗಳಲ್ಲಿ "ಮಾಸ್ತೆಮ್ಮ" ಅಂತ ಪೂಜೆಗೊಳ್ಳುವುದೂ ಇದೇ. ಶಾಲೆಯ ಸಾಲಿನಲ್ಲಿ ಈ ಕಲ್ಲಿನ ಮುಂದೆ ನನ್ನನ್ನು ಯಾರೂ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೂ ತಿಳಿಯುತ್ತಿರಲಿಲ್ಲ. ಬಳೆಗಳನ್ನು ಎಣಿಸುತ್ತಾ ನಿಂತದ್ದು ಈಗ.

ಅಕ್ಷರ ಮಸುಕಾಗಿದ್ದರೆ ಎದುರಿನಿಂದ ಬೆಳಕು ಬಿಡಬೇಡಿ. ಪಕ್ಕದಿಂದ ಬೆಳಕು ಬಿದ್ದರೆ ಕೊರೆದ ಗೆರೆಯೊಳಗೆ ನೆರಳು ಕೂರುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಊರ ಗುಡಿಯ ಮುಂದಿನ ಕಲ್ಲಿಗೂ ಇದೇ ಉಪಾಯ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಅಕ್ಷರದ ಮೇಲೆ ಸುಣ್ಣ, ಸೀಮೆಸುಣ್ಣ, ಅರಿಶಿನ ಉಜ್ಜುವವರಿದ್ದಾರೆ. ಮ್ಯೂಸಿಯಂನಲ್ಲಂತೂ ಬೇಡ, ಊರಲ್ಲೂ ಬೇಡ.

ಇನ್ನೊಂದು. ಅಶೋಕನ ಶಾಸನ ಎಲ್ಲಿದೆ ಅಂತ ಮ್ಯೂಸಿಯಂನಲ್ಲಿ ಹುಡುಕಬೇಡಿ. ಅದು ಬಂಡೆಯ ಮೇಲೆ ಬರೆದದ್ದು, ಬಂಡೆ ಇದ್ದಲ್ಲೇ ಇದೆ: ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ. ಮೈಸೂರು ಸೀಮೆಯ ಶಾಸನಗಳನ್ನು ಕೂಡಿಸಿದ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ್ದು. ಅದರಲ್ಲಿ ಇಸಿಲ ಅನ್ನುವ ಊರಿನ ಹೆಸರಿದೆ, ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಅದಕ್ಕೆ ಪ್ರತ್ಯೇಕ ದಿನ ಬೇಕು.

6. ಬೋಕಿ ಮತ್ತು ನಾಣ್ಯ: ಒಂದನ್ನು ಬಿಟ್ಟು ಇನ್ನೊಂದನ್ನು ನೋಡಬೇಡಿ

ಒಡೆದ ಮಡಕೆಯ ಚೂರು, ನಮ್ಮ ಮಾತಿನಲ್ಲಿ ಬೋಕಿ, ಗಾಜಿನ ಪೆಟ್ಟಿಗೆಯಲ್ಲಿ ಅತಿ ಬಡವಾಗಿ ಕಾಣುವ ವಸ್ತು. ಅಗೆದವರಿಗೆ ಅದೇ ಬಂಗಾರ.

ಒಳಗೆ ಮತ್ತು ಬಾಯಂಚಿಗೆ ಕಪ್ಪು, ಹೊರಗೆ ಕೆಂಪು ಇರುವ ಚೂರು ಕಂಡರೆ ಅದು ಬೃಹತ್ ಶಿಲಾ ಸಮಾಧಿಗಳ ಕಾಲದ ಬಗೆ. ಹೆಣ ಹೂತು ಸುತ್ತ ದೊಡ್ಡ ಕಲ್ಲು ನಿಲ್ಲಿಸುತ್ತಿದ್ದ, ಕಬ್ಬಿಣ ಬಳಸಲು ಕಲಿತಿದ್ದ ಜನ ಅವರು. ಆವಿಗೆಯಲ್ಲಿ, ಅಂದರೆ ಕುಂಬಾರರು ಮಡಕೆ ಸುಡುವ ಗೂಡಿನಲ್ಲಿ, ಬೋರಲು ಇಟ್ಟು ಸುಟ್ಟರೆ ಗಾಳಿಯಾಡದ ಒಳಮೈ ಕಪ್ಪಾಗುತ್ತದೆ, ಗಾಳಿ ತಗಲಿದ ಹೊರಮೈ ಕೆಂಪಾಗುತ್ತದೆ ಅನ್ನುವುದು ಸಾಮಾನ್ಯ ವಿವರಣೆ. ಕಾವಿ ಬಣ್ಣದ ಮೈಮೇಲೆ ಬಿಳಿ ಗೆರೆಗಳಿದ್ದರೆ ಅದು ಅದಕ್ಕೂ ಈಚಿನದು, ಶಾತವಾಹನರ ಕಾಲದ್ದು.

ಇದೆಲ್ಲ ಯಾವಾಗಿನದು ಅಂತ ಗೊತ್ತಾಗಿದ್ದು ಹೇಗೆ? ನಾಣ್ಯದಿಂದ. ದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯನ್ನು 1909ರಲ್ಲಿ ಆರ್. ನರಸಿಂಹಾಚಾರ್ ಅಗೆಸಿದರು, 1929ರಲ್ಲಿ ಎಂ.ಎಚ್. ಕೃಷ್ಣ. 1947ರಲ್ಲಿ ಕೇಂದ್ರದ ಪುರಾತತ್ವ ಇಲಾಖೆಯ ಆಗಿನ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಅಗೆಸಲು ಬಂದರು. ಅದಕ್ಕೆ ಎರಡು ವರ್ಷ ಮುಂಚೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮಿನ ಸರಕು ಕಂಡಿದ್ದವರು ಅವರು. ಚಂದ್ರವಳ್ಳಿಯಲ್ಲಿ ರೋಮ್ ದೊರೆ ಟೈಬೀರಿಯಸ್‌ನ ನಾಣ್ಯ ಸಿಕ್ಕಿದೆ; ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯ ಬಿದ್ದಿರುವ ಮಣ್ಣಿನ ಪದರ ಕ್ರಿ.ಶ. 14ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಅದೇ ಪದರದ ಬೋಕಿಗೂ ಅದೇ ಲೆಕ್ಕ. ಆ ಬಗೆಯ ಬೋಕಿ ನಾಣ್ಯವಿಲ್ಲದ ಇನ್ನೊಂದು ಊರಲ್ಲಿ ಸಿಕ್ಕರೂ ಕಾಲ ಊಹಿಸಬಹುದು. ಇಲ್ಲೂ ಒಂದು ಹಳ್ಳವಿದೆ: ನಾಣ್ಯ ಅಚ್ಚಾದ ಎಷ್ಟೋ ವರ್ಷದ ಮೇಲೂ ಚಲಾವಣೆಯಲ್ಲಿರುತ್ತದೆ. ಆದ್ದರಿಂದ "ಇದಕ್ಕಿಂತ ಹಿಂದಿನದಲ್ಲ" ಅನ್ನಬಹುದೇ ಹೊರತು "ಇದೇ ವರ್ಷದ್ದು" ಅನ್ನಲಾಗದು.

ಮಂಕು ಬೂದು ಬಣ್ಣದ ನಾಣ್ಯ ಕಂಡರೆ ಬೆಳ್ಳಿ ಕಪ್ಪಾಗಿದೆ ಅಂದುಕೊಳ್ಳಬೇಡಿ, ಸೀಸವಿರಬಹುದು. ಶಾತವಾಹನರ ಕಾಲದಲ್ಲಿ ಈ ಸೀಮೆ ಆಳಿದ ಸದಕನ ಕಳಲಾಯ ಮಹಾರಠಿ ಎಂಬವನ ಸೀಸದ ನಾಣ್ಯಗಳಿಗೆ ಒಂದು ಕಡೆ ಹಿಣಿಲಿರುವ ಗೂಳಿ. ಹಿಣಿಲು ಕಂಡರೆ ಸಾಕು, ನಮ್ಮ ದನವೇ ಅಂತ ಗೊತ್ತಾಗುತ್ತದೆ.

7. ಆಯುಧಗಳು

ಇಲ್ಲಿ ಜನ ತಾವಾಗಿಯೇ ನಿಲ್ಲುತ್ತಾರೆ, ನಾನು ಹೆಚ್ಚು ಹೇಳಬೇಕಿಲ್ಲ. ಕತ್ತಿಯ ಅಲಗು ಬಿಟ್ಟು ಹಿಡಿ ನೋಡಿ. ನಿಮ್ಮ ಅಂಗೈ ಅದರೊಳಗೆ ಹಿಡಿಸುತ್ತದೆಯೇ ಅಂತ ಗಾಜಿನ ಈಚೆಯಿಂದಲೇ ಅಳೆಯಿರಿ. ಕಠಾರಿಯ ಹಿಡಿ ಅಡ್ಡಪಟ್ಟಿ, ಮುಷ್ಟಿ ಕಟ್ಟಿ ಗುದ್ದಿದಂತೆ ತಿವಿಯಲು ಮಾಡಿದ್ದು. ಕೋವಿ ಕಂಡರೆ ಮದ್ದು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ಉತ್ತರ ಕೋಟೆಯೊಳಗಿದೆ, ಮದ್ದು ಬೀಸುವ ಭಾರಿ ಕಲ್ಲುಗಳ ರೂಪದಲ್ಲಿ. 1779ರಲ್ಲಿ ಮದಕರಿ ನಾಯಕನಿಂದ ಕೋಟೆ ಹೈದರಾಲಿಯ ಕೈಸೇರಿತು. "ಇದು ಮದಕರಿಯ ಕತ್ತಿನಾ?" ಅಂತ ಎಲ್ಲರೂ ಕೇಳುತ್ತಾರೆ. ಚೀಟಿಯಲ್ಲಿ ಹಾಗೆ ಬರೆದಿದ್ದರೆ ಮಾತ್ರ ನಂಬಿ, ಪಕ್ಕದಲ್ಲಿ ನಿಂತವರು ಹೇಳಿದರು ಅಂತ ನಂಬಬೇಡಿ.

8. ಓಲೆ, ಕಡತ

ತಾಳೆಯೋಲೆಯ ಮೇಲೆ ಕಂಟದಿಂದ, ಅಂದರೆ ಉಕ್ಕಿನ ಮೊಳೆಯಂಥ ಲೇಖನಿಯಿಂದ, ಗೀರುತ್ತಿದ್ದರು. ಗೀರಿದ್ದು ಕಾಣಲೆಂದು ಮೇಲೆ ಮಸಿ ಉಜ್ಜುತ್ತಿದ್ದರು. ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಹಾಗಾಗಿ ಒಂದೊಂದು ಅಕ್ಷರ ಗುರುತಾದರೂ ಸಾಲು ಕೈಗೆ ಸಿಗುವುದಿಲ್ಲ, ಗಾಬರಿಯಾಗಬೇಡಿ. ಹತ್ತು ಅಕ್ಷರ ಗುರುತು ಹಿಡಿದರೆ ಮೊದಲ ದಿನಕ್ಕೆ ಧಾರಾಳವಾಯಿತು.

ಕಡತ ನನಗೆ ಹೆಚ್ಚು ಇಷ್ಟ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಗಟ್ಟಿಮಾಡಿ, ಹಿಂದೆ ಮುಂದೆ ಮಡಿಕೆ ಹಾಕಿ ಮಡಚುತ್ತಿದ್ದರು. ಅದರ ಮೇಲೆ ಬಳಪದ ಬರಹ. ಅಂದರೆ ಮಡಚುವ ಸ್ಲೇಟು. ತಪ್ಪಾದರೆ ಒರೆಸಿ ತಿದ್ದಬಹುದು. ಇವತ್ತು ತಾಲ್ಲೂಕು ಕಚೇರಿಯಲ್ಲಿ "ಕಡತ ಮೇಲೆ ಹೋಗಿದೆ" ಅನ್ನುತ್ತಾರಲ್ಲ, ಆ ಮಾತು ಬಂದದ್ದು ಈ ಬಟ್ಟೆಯಿಂದ. ಹಳೆಯ ಆಡಳಿತದ ಕಾಗದಗಳಲ್ಲಿ ಎರಡು ಶಬ್ದ ನೆನಪಿಟ್ಟುಕೊಳ್ಳಿ: ಮೇಲಿನವರು ಕೆಳಗಿನವರಿಗೆ ಬರೆದ ಅಪ್ಪಣೆ ನಿರೂಪ, ಕೆಳಗಿನವರು ಮೇಲಿನವರಿಗೆ ಬರೆದುಕೊಂಡದ್ದು ಬಿನ್ನವತ್ತಳೆ. ದುರ್ಗದ ಚರಿತ್ರೆ ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಇಂಥ ಬರಹಗಳನ್ನು ಹುಡುಕಿ ಕೂಡಿಸಿದ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಕಾರಣ.

9. ಸಿಕ್ಕ ಜಾಗಕ್ಕೆ ಹೋಗಿ

ಸಂಜೆ ನಾಲ್ಕರ ಹೊತ್ತಿಗೆ ಚಂದ್ರವಳ್ಳಿ. ಊರಿನಿಂದ ಮೂರು ಕಿ.ಮೀ. ಆಸುಪಾಸು. ಬೆಟ್ಟಗಳ ನಡುವೆ ಕೆರೆ, ಭೈರವೇಶ್ವರ ಗುಡಿ, ಅದರ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ. 4ನೇ ಶತಮಾನದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬ್ರಾಹ್ಮಿ ಅಂದರೆ ನಮ್ಮ ಕನ್ನಡ ಲಿಪಿಯ ಮುತ್ತಜ್ಜಿ. ಮಯೂರಶರ್ಮ ಕೆರೆ ಕಟ್ಟಿಸಿದ ಅನ್ನುವುದು ಅದರ ಮುಖ್ಯ ಮಾತು. ಅವನು ಗೆದ್ದ ರಾಜರ ಪಟ್ಟಿಯೂ ಇದೆ ಅಂತ ಓದಿದವರಿದ್ದಾರೆ, ಆ ಓದಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಂಕಲಿ ಮಠದ ನೆಲಮಾಳಿಗೆಯಂಥ ಗುಹೆಗಳಿಗೆ ಇಳಿಯುವುದಾದರೆ ಟಾರ್ಚ್ ಇರಲಿ, ಒಳದಾರಿ ಬಲ್ಲವರು ಜೊತೆಗಿರಲಿ.

ಕಾಲಕೆಳಗೆ ಬೋಕಿ ಕಂಡರೆ ನೋಡಿ, ಫೋಟೋ ತೆಗೆಯಿರಿ, ಅಲ್ಲೇ ಬಿಡಿ. ಜೇಬಿಗೆ ಹಾಕಿಕೊಂಡ ಚೂರಿಗೆ ದೊರೆತ ಸ್ಥಳ ಇಲ್ಲವಾಗುತ್ತದೆ. ಬೆಳಗ್ಗೆ ಮ್ಯೂಸಿಯಂನಲ್ಲಿ ನೀವು ಹುಡುಕಿ ಹುಡುಕಿ ಓದಿದ್ದು ಅದನ್ನೇ ಅಲ್ಲವೇ.

10. ಮನೆಗೆ ಬಂದ ಮೇಲೆ

ನಿಮ್ಮ ಊರಿನ ಶಾಸನ ಹುಡುಕಬೇಕೆಂದರೆ ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ನೋಡಿ. ಚಿತ್ರದುರ್ಗ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅದರಲ್ಲಿವೆ. ಹಳೆಯ ಮುದ್ರಣ ಅಂತರ್ಜಾಲದ ಗ್ರಂಥಭಂಡಾರಗಳಲ್ಲಿ ಪುಕ್ಕಟೆ ಸಿಗುತ್ತದೆ. ಜಿಲ್ಲೆಯ ಹೆಸರು ಇಂಗ್ಲಿಷರ ಬಾಯಲ್ಲಿ "ಚಿತಲ್‌ಡ್ರೂಗ್" ಆಗಿದೆ, ಹಾಗೇ ಹುಡುಕಿ. ನನಗೆ ಮೊದಲ ಸಲ ಸಿಗದಿದ್ದದ್ದು ಇದೇ ಕಾರಣಕ್ಕೆ.

ಅಟ್ಟದ ಮೇಲೆ ಓಲೆಕಟ್ಟು ಇರುವವರು ಬಹಳ ಜನ ಬರೆಯುತ್ತಾರೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಆಯುಧಪೂಜೆಗೆ ಕುಂಕುಮ ಇಡಬೇಡಿ, ದಾರ ಬಿಗಿದಿದ್ದರೆ ಎಳೆಯಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ತೇವ ತಾಕದ ಕಡೆ ಇಟ್ಟು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರನ್ನು ಕೇಳಿ. 1972ರ ಕಾಯ್ದೆಯಂತೆ 100 ವರ್ಷ ದಾಟಿದ ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚೀನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಮಗನಿಗೆ ಕಳಿಸಿಕೊಡುವ ಯೋಚನೆ ಇದ್ದರೆ ಬಿಡಿ. ಹೊಲ ಉಳುವಾಗ ಕಾಸಿನ ಕುಡಿಕೆ ಸಿಕ್ಕರೆ ಹಂಚಿಕೊಳ್ಳುವಂತಿಲ್ಲ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಯಾವುದನ್ನೇ ಆಗಲಿ ಮ್ಯೂಸಿಯಂಗೆ ಕೊಡುವ ಮನಸ್ಸಾದರೆ ಬರಿಗೈಯಲ್ಲಿ ಕೊಟ್ಟು ಬರಬೇಡಿ, ಲಿಖಿತ ರಸೀದಿ ಪಡೆಯಿರಿ. ವಸ್ತುವಿನ ಜೊತೆ ಒಂದು ಹಾಳೆಯಲ್ಲಿ ಅದು ಯಾವ ಊರಿನದು, ಯಾರ ಹೊಲ ಅಥವಾ ಯಾರ ಮನೆಯದು, ಯಾವ ವರ್ಷ ಸಿಕ್ಕಿತು ಅಂತ ಬರೆದು, ಸಹಿ ಹಾಕಿ, ಅದರ ನಕಲೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.